ಮಿಂಚುವಿಗೆ ಸೂಜಿ ಚುಚ್ಚಲೇಬೇಕಾ?

ಪ್ರಿಯ ಓದುಗರೇ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನಿಮ್ಮ ಹತ್ತು ವರ್ಷದ ಬೆಕ್ಕು ಮಿಂಚು ಮೂರು ತಿಂಗಳಿಂದ ಬಟ್ಟಲುಗಟ್ಟಲೆ ನೀರು ಕುಡಿಯುತ್ತಿದ್ದಾನೆ. ಮೊದಲಿಗಿಂತ ಜಾಸ್ತಿ ತಿಂದರೂ ಬೆನ್ನುಮೂಳೆ ಕೈಗೆ ಸಿಗುತ್ತಿದೆ. ರಕ್ತದಲ್ಲಿ ಸಕ್ಕರೆ 340 ಬಂದಿದೆ. ವೈದ್ಯರು ಇನ್ನೊಂದು ಪರೀಕ್ಷೆ ಬರೆದುಕೊಟ್ಟಿದ್ದಾರೆ, ಇನ್ಸುಲಿನ್ ಬೇಕಾಗಬಹುದು ಅಂದಿದ್ದಾರೆ. ದಿನಾ ಸೂಜಿ ಚುಚ್ಚಲು ನಿಮಗೆ ಮನಸ್ಸು ಬರುತ್ತಿಲ್ಲ. ಊಟ ಕಮ್ಮಿ ಮಾಡಿ, ಅಪ್ಪನ ಸಕ್ಕರೆ ಮಾತ್ರೆಯಲ್ಲಿ ಅರ್ಧ ಕೊಟ್ಟರೆ ಸಾಲದೇ ಎಂದು ಕೇಳಿದ್ದೀರಿ.

ದಯವಿಟ್ಟು ಎರಡೂ ಬೇಡ. ಮನುಷ್ಯರ ಮಾತ್ರೆಯನ್ನು ಅಂದಾಜಿಗೆ ಕೊಟ್ಟರೆ ಅಪಾಯ. ಉಪವಾಸ ಇನ್ನೂ ಅಪಾಯ. ಬೆಕ್ಕು ಕೆಲವೇ ದಿನ ಸರಿಯಾಗಿ ತಿನ್ನದಿದ್ದರೂ ಮೈಯ ಕೊಬ್ಬು ಲಿವರಿಗೆ ಹೋಗಿ ತುಂಬಿಕೊಳ್ಳಬಹುದು. ಅದರಿಂದ ಜೀವಕ್ಕೇ ಕುತ್ತು. ಬದಲಾಯಿಸಬೇಕಾದದ್ದು ಊಟದ ಬಗೆ. ಬೆಕ್ಕು ಮಾಂಸಾಹಾರಿ ಪ್ರಾಣಿ. ಒಣ ಕಾಳಿನಂಥ ಆಹಾರದಲ್ಲಿ ಸಾಮಾನ್ಯವಾಗಿ ಪಿಷ್ಟ ಜಾಸ್ತಿ. ಪ್ರೋಟೀನ್ ಹೆಚ್ಚಿರುವ, ಪಿಷ್ಟ ಕಮ್ಮಿಯಿರುವ, ನೀರಿನಂಶವಿರುವ ಮೆತ್ತನೆಯ ಬೆಕ್ಕಿನ ಆಹಾರ ಒಳ್ಳೆಯದು. ಆದರೆ ಇನ್ಸುಲಿನ್ ಶುರುವಾದ ಮೇಲೆ ವೈದ್ಯರಿಗೆ ಹೇಳದೆ ಆಹಾರ ಬದಲಿಸಬೇಡಿ, ಸಕ್ಕರೆ ತೀರಾ ಇಳಿದುಬಿಡಬಹುದು.

340 ಬಂದ ಮೇಲೂ ಇನ್ನೊಂದು ಪರೀಕ್ಷೆ ಯಾಕೆ ಎಂಬ ಅನುಮಾನವೂ ನಿಮ್ಮ ಕಾಗದದಲ್ಲಿದೆ. ಬೆಕ್ಕು ಹೆದರಿದರೆ ಸಾಕು, ರಕ್ತದ ಸಕ್ಕರೆ ಅಷ್ಟು ಏರಬಹುದು. ಬುಟ್ಟಿಯಲ್ಲಿ ಕೂರಿಸಿ, ಗೊತ್ತಿಲ್ಲದ ಜಾಗಕ್ಕೆ ಒಯ್ದು, ಹಿಡಿದು ರಕ್ತ ತೆಗೆದರೆ ಹೆದರದೆ ಇರುತ್ತದಾ? ಅದಕ್ಕೇ ಮೂತ್ರದಲ್ಲಿ ಸಕ್ಕರೆ ನೋಡುತ್ತಾರೆ, ಫ್ರಕ್ಟೋಸಮೈನ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಹಿಂದಿನ ಒಂದೆರಡು ವಾರ ಸಕ್ಕರೆ ಹೇಗಿತ್ತು ಎಂದು ಈ ರಕ್ತಪರೀಕ್ಷೆ ತಿಳಿಸುತ್ತದೆ. ತಪ್ಪದೆ ಮಾಡಿಸಿ.

ಕಾಗದದ ಕೊನೆಯಲ್ಲಿ ನೀವು ಸುಮ್ನೆ ಬರೆದ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಮಿಂಚು ಈಗ ಕಿಟಕಿಗೆ ಹಾರುವುದಿಲ್ಲ, ಹಿಂಗಾಲು ಚಪ್ಪಟೆಯಾಗಿ ಊರಿ ನಡೆಯುತ್ತಾನೆ ಎಂದಿದ್ದೀರಿ. ಬೆಕ್ಕು ನಡೆಯುವುದು ಬೆರಳ ಮೇಲೆ. ಹಿಮ್ಮಡಿ ನೆಲಕ್ಕೆ ತಾಗುತ್ತಿದ್ದರೆ, ಸಕ್ಕರೆಯಿಂದ ಕಾಲಿನ ನರ ಸೋತಿರಬಹುದು. ಇದನ್ನು ವೈದ್ಯರಿಗೆ ಹೇಳಿದ್ದೀರಾ? ನಮ್ಮ ಮನೆಯ ಬೆಕ್ಕು ಹಾಗೆ ನಡೆಯತೊಡಗಿದಾಗ ವಯಸ್ಸಾಯ್ತು ಅಂದುಕೊಂಡು ನಾವು ಸುಮ್ಮನಿದ್ದೆವು. ಆ ಕಳೆದ ವಾರಗಳ ನೋವು ಇನ್ನೂ ನನ್ನಲ್ಲಿದೆ. ಸಕ್ಕರೆ ಹತೋಟಿಗೆ ಬಂದರೆ ಎಷ್ಟೋ ಬೆಕ್ಕುಗಳ ಕಾಲು ನಿಧಾನವಾಗಿ ಸುಧಾರಿಸುತ್ತದೆ.

ಈಗ ಸೂಜಿಯ ಮಾತು. ಇನ್ಸುಲಿನ್ ಅಂದರೆ ಕಾಯಿಲೆ ಕೈಮೀರಿದೆ ಎಂದು ತಿಳಿಯಬೇಡಿ. ಬೆಕ್ಕುಗಳಲ್ಲಿ ಅದು ಸಾಮಾನ್ಯವಾಗಿ ಶುರುವಿನಲ್ಲೇ ಕೊಡುವ ಔಷಧ. ಸಕ್ಕರೆ ಬಹಳ ದಿನ ಏರಿಯೇ ಇದ್ದರೆ, ಇನ್ಸುಲಿನ್ ತಯಾರಿಸುವ ಜೀವಕಣಗಳು ಆ ಸಕ್ಕರೆಯಿಂದಲೇ ಕೆಡುತ್ತವೆ. ಹೊರಗಿನಿಂದ ಇನ್ಸುಲಿನ್ ಕೊಟ್ಟರೆ ಅವಕ್ಕೆ ಬಿಡುವು ಸಿಗುತ್ತದೆ. ಬೇಗ ಶುರು ಮಾಡಿದರೆ ಕೆಲವು ಬೆಕ್ಕುಗಳಿಗೆ ಕೆಲವೇ ತಿಂಗಳಲ್ಲಿ ಸೂಜಿಯೇ ಬೇಡವಾಗುತ್ತದೆ. ತಡಮಾಡಿದಷ್ಟೂ ಆ ಅವಕಾಶ ಕೈಜಾರುತ್ತದೆ. ಹಾಗಾಗಿಯೇ ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, 12 ಗಂಟೆ ಅಂತರದಲ್ಲಿ ಕೊಡಬೇಕು. ಸೂಜಿ ತುಂಬಾ ಸಣ್ಣದು. ಸಡಿಲ ಚರ್ಮ ಎತ್ತಿ ಚುಚ್ಚಿದರೆ ಊಟದಲ್ಲಿ ಮುಳುಗಿದ ಬೆಕ್ಕು ಎಷ್ಟೋ ಸಲ ತಲೆಯನ್ನೂ ಎತ್ತುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಇನ್ಸುಲಿನ್ ಬಾಟಲಿಯ ಮೇಲೆ ಯು-40 ಅಥವಾ ಯು-100 ಎಂದಿರುತ್ತದೆ, ಅಂದರೆ ಒಂದು ಮಿಲಿಲೀಟರಿನಲ್ಲಿ ಅಷ್ಟು ಯೂನಿಟ್ ಔಷಧ. ಯು-40 ಇನ್ಸುಲಿನ್‌ಗೆ ಯು-40 ಸಿರಿಂಜೇ, ಯು-100ಕ್ಕೆ ಯು-100 ಸಿರಿಂಜೇ. ಅದಲು ಬದಲಾದರೆ ಪ್ರಮಾಣ ಎರಡೂವರೆ ಪಟ್ಟು ತಪ್ಪುತ್ತದೆ. ಔಷಧ ಒಳಗೆ ಹೋಯಿತೋ ಇಲ್ಲವೋ ಎಂಬ ಅನುಮಾನ ಬಂದರೆ ಇನ್ನೊಮ್ಮೆ ಚುಚ್ಚಬೇಡಿ. ಅವನು ಊಟ ಬಿಟ್ಟ ದಿನ ವೈದ್ಯರನ್ನು ಕೇಳಿಯೇ ಕೊಡಿ. ತೂರಾಡಿದರೆ, ನಿಶ್ಶಕ್ತನಾದರೆ ಸಕ್ಕರೆ ಇಳಿದಿರಬಹುದು. ತಿನ್ನುವಂತಿದ್ದರೆ ಊಟ ಕೊಡಿ. ಇಲ್ಲದಿದ್ದರೆ ಒಸಡಿಗೆ ಸ್ವಲ್ಪ ಜೇನು ಸವರಿ ಕೂಡಲೇ ಆಸ್ಪತ್ರೆಗೆ ಓಡಿ. ಫಿಟ್ಸ್ ಬಂದಾಗ ಮಾತ್ರ ಬಾಯಿಯೊಳಗೆ ಬೆರಳು ಹಾಕಬೇಡಿ.

ಇವತ್ತಿನಿಂದಲೇ ನೀರನ್ನು ಅಳೆದು ಇಡಿ, ವಾರಕ್ಕೊಮ್ಮೆ ತೂಕ ಬರೆದಿಡಿ. ವೈದ್ಯರಿಗೆ ಅದು ಬಹಳ ಉಪಯೋಗ. ಪರೀಕ್ಷೆಯ ವರದಿ ಬಂದ ಮೇಲೆ ನನಗೂ ಒಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.

– ಸಂಪಾದಕ