ಪಾರ್ಕಲ್ಲಿ ಅಕ್ಕಪಕ್ಕದ ಮನೆಯವರು ಒಬ್ರಿಗೊಬ್ರು ಮಾತಾಡೋ ಹಾಗೆ ಮಾಡೋ ರೋಬೋಟ್ ಹೇಗಿರ್ಬೇಕು?

ನಿಮ್ಮ ಪ್ರಶ್ನೆ ಓದ್ದೆ. ಫೈನಲ್ ಇಯರ್ ಪ್ರಾಜೆಕ್ಟು, ಮೈಸೂರಲ್ಲಿ ನಿಮ್ಮ ಬಡಾವಣೆ ಪಾರ್ಕಿಗೆ ಒಂದು ರೋಬೋಟು, ಅದು ಕನ್ನಡದಲ್ಲಿ ಮಾತಾಡಿಸಿ ಜನರನ್ನ ಪರಿಚಯ ಮಾಡಿಸ್ಬೇಕು, ಅದಕ್ಕೆ ಯಾವ ಸ್ಪೀಚ್ ಮಾಡೆಲ್ (ಮಾತಾಡಿಸೋ ಸಾಫ್ಟ್‌ವೇರ್) ಹಾಕ್ಲಿ ಅಂತ ಕೇಳಿದೀರ. ನಾನು ಹೇಳೋದು, ಮಾತೇ ಬೇಡ. ಸ್ಪೀಕರ್ ತೆಗೆದುಬಿಡಿ.

ಅಮೆರಿಕದಲ್ಲಿ ಮಾಸ್ಟರ್ಸ್ ಮಾಡೋವಾಗ ನಾವು ಮೂರು ಜನ ಸೇರಿ ಸ್ಟೂಡೆಂಟ್ ಹೌಸಿಂಗ್ ಅಂಗಳದಲ್ಲಿ ಇಂಥದ್ದೇ ಮಾತಾಡೋ ರೋಬೋಟ್ ಬಿಟ್ಟಿದ್ವಿ. ಜನ ಬಂದ್ರು, ಚೆನ್ನಾಗೇ ಬಂದ್ರು, ಆದ್ರೆ ಒಬ್ಬೊಬ್ರೇ ಅದರ ಮುಂದೆ ನಿಂತು ಏನೋ ಕೇಳಿ ಫೋನಲ್ಲಿ ವಿಡಿಯೋ ಮಾಡ್ಕೊಂಡು ಹೋದ್ರು, ಪಕ್ಕದಲ್ಲಿ ನಿಂತಿರೋರ ಮುಖ ಕೂಡ ನೋಡ್ಲಿಲ್ಲ. ನಾಲ್ಕನೇ ದಿನ ಅದರ ಚಕ್ರ ಕಲ್ಲುಹಾಸಿನ ಸಂದಿಯಲ್ಲಿ ಸಿಕ್ಕಾಕ್ಕೊಳ್ತು. ಸೈಕಲ್ ತಳ್ಕೊಂಡು ಬರ್ತಿದ್ದ ಹುಡುಗ ನಿಂತ, ಬಟ್ಟೆ ಬುಟ್ಟಿ ಹಿಡ್ಕೊಂಡು ಹೋಗ್ತಿದ್ದ ಒಬ್ರು ಹೆಂಗಸು ಬುಟ್ಟಿ ಕೆಳಗಿಟ್ರು, ಇಬ್ರೂ ಸೇರಿ ಎತ್ತಿ ಈಚೆಗಿಟ್ಟು ಅಲ್ಲೇ ಮಾತಿಗೆ ನಿಂತ್ರು. ರೋಬೋಟ್ ಮಧ್ಯೆ ಮಧ್ಯೆ ತನ್ನ ಪಾಠ ಒಪ್ಪಿಸ್ತಾನೇ ಇತ್ತು, ಆಗ ಆ ಹೆಂಗಸು ಸ್ಪೀಕರ್ ಮೇಲೆ ಅಂಗೈ ಇಟ್ಟು ಮುಚ್ಚಿ ಮಾತು ಮುಂದುವರೆಸಿದ್ರು. ಮೇಲಿನ ಕಿಟಕಿಯಿಂದ ನೋಡ್ತಿದ್ದ ನಂಗೆ ಆ ಅಂಗೈ ಇವತ್ತಿಗೂ ಕಣ್ಮುಂದೆ ಇದೆ.

ಬಸ್ ಕೆಟ್ಟು ನಿಂತಾಗ ಅಲ್ಲೀವರೆಗೂ ಒಂದು ಮಾತೂ ಆಡದೋರು ಕೆಳಗಿಳಿದು "ಯಾವೂರು ನಿಮ್ದು" ಅಂತ ಶುರು ಮಾಡ್ತಾರಲ್ಲ, ಅದೇ ಇದು. 70ರ ದಶಕದಲ್ಲಿ ವಿಲಿಯಂ ವೈಟ್ ಅನ್ನೋರು ನ್ಯೂಯಾರ್ಕಿನ ಪ್ಲಾಜಾಗಳಲ್ಲಿ ಕ್ಯಾಮೆರಾ ಇಟ್ಟು ಜನ ಎಲ್ಲಿ ಕೂರ್ತಾರೆ, ಎಲ್ಲಿ ನಿಲ್ತಾರೆ ಅಂತ ನೋಡಿದ್ರು. ಬೀದೀಲಿ ಹಾಡೋನೋ, ಒಂದು ಶಿಲ್ಪಾನೋ, ಹೀಗೆ ಇಬ್ಬರ ಮಧ್ಯೆ ಮೂರನೇದು ಏನೋ ಒಂದು ಇದ್ರೆ ಗುರುತಿಲ್ದೋರೂ ಗುರುತಿರೋರ ಹಾಗೆ ಮಾತಾಡ್ತಾರೆ, ಇದಕ್ಕೆ ಅವರು ಟ್ರಯಾಂಗ್ಯುಲೇಷನ್ ಅಂದ್ರು. ನಿಮ್ಮ ರೋಬೋಟ್ ಆ ಮೂರನೇದು ಆಗ್ಬೇಕು ಅಷ್ಟೇ, ಯಾರ ಫ್ರೆಂಡೂ ಆಗೋದು ಬೇಡ.

2009ರಲ್ಲಿ ಕೇಸಿ ಕಿಂಜರ್ ಅನ್ನೋ ವಿದ್ಯಾರ್ಥಿನಿ ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್ ಪಾರ್ಕಲ್ಲಿ ಟ್ವೀನ್‌ಬಾಟ್ ಅಂತ ಒಂದು ಪುಟ್ಟ ರಟ್ಟಿನ ರೋಬೋಟ್ ಬಿಟ್ರು. ನಗುಮುಖ ಬರೆದಿತ್ತು, ಎಲ್ಲಿಗೆ ಹೋಗ್ಬೇಕು ಅಂತ ಒಂದು ಬಾವುಟದಲ್ಲಿ ಬರೆದಿತ್ತು, ಸೆನ್ಸರ್ ಗಿನ್ಸರ್ ಏನೂ ಇಲ್ಲ, ನೇರವಾಗಿ ಮುಂದೆ ಹೋಗೋದು ಬಿಟ್ರೆ ಬೇರೇನೂ ಗೊತ್ತಿಲ್ಲ. ಪಾರ್ಕಿನ ಒಂದು ಮೂಲೆಯಿಂದ ಎದುರು ಮೂಲೆಗೆ 42 ನಿಮಿಷದಲ್ಲಿ ತಲುಪ್ತು, ದಾರೀಲಿ 29 ಜನ ಅದನ್ನ ಎತ್ತಿ ತಿರುಗಿಸಿ ದಾರಿ ತೋರ್ಸಿದ್ರು. ಜಪಾನಿನ ತೊಯೊಹಾಶಿಯಲ್ಲಿ ಮಿಚಿಯೊ ಒಕಾಡಾ ಅನ್ನೋ ಸಂಶೋಧಕರು ಇದನ್ನೇ ಒಂದು ವಿಚಾರವಾಗಿ ಬೆಳೆಸಿದಾರೆ, ದುರ್ಬಲ ರೋಬೋಟ್ ಅಂತ. ಅವರ ಕಸದ ಬುಟ್ಟಿ ರೋಬೋಟಿಗೆ ಕಸ ಎತ್ತೋಕೆ ಕೈಯೇ ಇಲ್ಲ, ಓಲಾಡ್ಕೊಂಡು ಹತ್ರ ಬರತ್ತೆ, ಮಕ್ಕಳು ಕಸ ಹಾಕಿದ್ರೆ ಬಗ್ಗಿ ನಮಸ್ಕಾರ ಮಾಡತ್ತೆ. ಕಾರ್ನೆಲ್ ಯೂನಿವರ್ಸಿಟಿಯ ನ್ಯೂಯಾರ್ಕ್ ಕ್ಯಾಂಪಸ್ ಕಾರ್ನೆಲ್ ಟೆಕ್‌ನ ಸಂಶೋಧಕಿ ವೆಂಡಿ ಜು ಅವರ ತಂಡ ನ್ಯೂಯಾರ್ಕಿನ ಆಸ್ಟರ್ ಪ್ಲೇಸ್‌ನಲ್ಲಿ ಚಕ್ರ ಹಾಕಿದ ಎರಡು ಡಬ್ಬ ಓಡಿಸ್ತು, ಒಂದು ಕಸಕ್ಕೆ, ಇನ್ನೊಂದು ಮರುಬಳಕೆಗೆ. ಅವು ಸಿಕ್ಕಾಕ್ಕೊಂಡಾಗ ಜನಾನೇ ಬಂದು ಬಿಡಿಸಿದ್ರು. ಅವು ತಾವಾಗೇ ಓಡ್ತಿರಲಿಲ್ಲ, ತೊಗಲು ಗೊಂಬೆ ಆಡಿಸೋ ಹಾಗೆ ದೂರದಿಂದ ಮನುಷ್ಯರೇ ನಡೆಸ್ತಿದ್ರು. ನೀವೂ ಹಾಗೇ ಮಾಡಿ, ಅದು ತಾನಾಗೇ ಓಡೋ ಹಾಗೆ ಮಾಡೋಕೆ ಆರು ತಿಂಗಳು ಸುರೀಬೇಡಿ.

ದುರ್ಬಲ ಅಂದ್ರೆ ಅನಾಥ ಅಲ್ಲ, ಇದನ್ನ ಮರೀಬೇಡಿ. ಹಿಚ್‌ಬಾಟ್ ಅನ್ನೋ ರೋಬೋಟ್ 2014ರಲ್ಲಿ ಲಿಫ್ಟ್ ಕೇಳ್ಕೊಂಡೇ ಕೆನಡಾ ಪೂರ್ತಿ ದಾಟಿತ್ತು, ಮುಂದಿನ ವರ್ಷ ಆಗಸ್ಟಲ್ಲಿ ಫಿಲಡೆಲ್ಫಿಯಾದಲ್ಲಿ ಯಾರೋ ಒಡೆದು ಹಾಕಿದ್ರು. ಒಸಾಕಾದ ಒಂದು ಮಾಲ್‌ನಲ್ಲಿ ಮಕ್ಕಳು ಗುಂಪು ಕಟ್ಕೊಂಡು ರೋಬೋಟಿಗೆ ಒದೀತಿದ್ರು, ಅಲ್ಲಿನ ಸಂಶೋಧಕರು ಕೊನೆಗೆ ಅದು ದೊಡ್ಡೋರ ಹತ್ರ ಸರಿಯೋ ಹಾಗೆ ಪ್ರೋಗ್ರಾಂ ಮಾಡಿದ್ರು. ಹಾಗಾಗಿ ಹತ್ತಡಿ ದೂರದಲ್ಲಿ ನೀವಿರಿ, ಕತ್ತಲಾಗೋಕೆ ಮುಂಚೆ ವಾಪಸ್ ತನ್ನಿ, ಬೀದಿ ನಾಯಿಗಳಿಗೆ ಎರಡು ದಿನ ರೂಢಿ ಆಗ್ಲಿ.

ಇನ್ನು ನಿಮ್ಮ ಪಾರ್ಕಿಗೆ ಕಸದ ಡಬ್ಬ ಬೇಡ ಅನ್ಸತ್ತೆ ನಂಗೆ. ದಿನಾ ಅಲ್ಲಿ ಗುಡಿಸೋ ಪೌರಕಾರ್ಮಿಕರು ಇರ್ತಾರೆ, ತಮ್ಮ ಕೆಲಸಕ್ಕೇ ಮಿಷನ್ ತಂದ್ರು ಅಂತ ಅವರಿಗೆ ದಿಗಿಲಾಗ್ಬಾರ್ದು, ಏನೇ ಮಾಡಿದ್ರೂ ಮೊದಲು ಅವರಿಗೇ ಹೇಳಿ ಕೇಳಿ ಮಾಡಿ. ನಾನಾಗಿದ್ರೆ ಮಡಚೋ ಕುರ್ಚಿ ಹೊತ್ಕೊಂಡು ನಿಧಾನಕ್ಕೆ ಓಡಾಡೋ ಗಾಡಿ ಮಾಡ್ತೀನಿ, ವೈಟ್ ಕೂಡ ಎತ್ತಿಡೋಕಾಗೋ ಕುರ್ಚಿ ಬಗ್ಗೆ ತುಂಬಾ ಒತ್ತಿ ಹೇಳಿದ್ರು. ಕುರ್ಚಿ ಇಳಿಸೋಕೆ ಗಾಡಿಗೆ ಬರಲ್ಲ, ಕೊಂಡಿ ಒಬ್ರು ಹಿಡ್ಕೊಂಡ್ರೆ ಇನ್ನೊಬ್ರು ಇಳಿಸ್ಬೇಕು, ಹಾಗಿಡಿ. ನಡಿಗೆಗಿಂತ ನಿಧಾನ ಬರ್ಲಿ, ಮುಖಕ್ಕೆ ನೇರ ನುಗ್ಗೋದು ಬೇಡ, ಸ್ವಲ್ಪ ದೂರದಲ್ಲೇ ನಿಲ್ಲಲಿ, ಇಬ್ರು ಮಾತಿಗೆ ಕೂತ ತಕ್ಷಣ ಅಲ್ಲಿಂದ ಹೊರಟುಬಿಡ್ಲಿ. ಕ್ಯಾಮೆರಾ ಇದ್ರೆ ಗೇಟಲ್ಲೇ ದೊಡ್ಡದಾಗಿ ಬರೆದು ಹಾಕಿ.

ರಿಪೋರ್ಟಲ್ಲಿ ಎಷ್ಟು ಜನ ರೋಬೋಟ್ ಮುಟ್ಟಿದ್ರು ಅಂತ ಲೆಕ್ಕ ಕೊಡ್ಬೇಡಿ, ಅದು ಹೋದ್ಮೇಲೂ ಆ ಇಬ್ರು ಎಷ್ಟು ಹೊತ್ತು ಕೂತಿದ್ರು, ಮಾರನೇ ದಿನ ಎದುರಾದಾಗ ಗುರುತು ಹಿಡಿದು ನಕ್ಕರಾ, ಅದನ್ನ ಬರೀರಿ. ಅದಕ್ಕೆ ರೋಬೋಟ್ ತರದೇ ಇರೋ ದಿನಾನೂ ನೀವು ಪಾರ್ಕಿಗೆ ಹೋಗಿ ಕೂರ್ಬೇಕಾಗತ್ತೆ.