ಎಸಿಯಿಂದ ನೀರು ತೊಟ್ಟಿಕ್ಕುತ್ತಿದೆಯಾ?

ಪ್ರಶ್ನೆ: ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿದೆ. ಎರಡು ವರ್ಷದ ಎಸಿ. ಈಗ 18ಕ್ಕೆ ಇಟ್ಟರೂ ರೂಮು ತಂಪಾಗುವುದಿಲ್ಲ, ರಾತ್ರಿ ಮಂಚದ ಮೇಲೆ ನೀರು ತೊಟ್ಟಿಕ್ಕುತ್ತದೆ. ರಿಪೇರಿಯವರು ಗ್ಯಾಸ್ ಹೋಗಿದೆ ಅಂತಾರೆ. ಹೌದಾ?

ಉತ್ತರ: ಇರಬಹುದು, ಆದರೆ ದುಡ್ಡು ಕೊಡುವ ಮೊದಲು ಮುಂದಿನ ಮುಚ್ಚಳ ಎತ್ತಿ ಫಿಲ್ಟರ್ ನೋಡಿ. ಬೆಳಕಿಗೆ ಹಿಡಿದಾಗ ಜಾಲರಿಯ ಆಚೆ ಏನೂ ಕಾಣಿಸದೆ ಬೂದು ಕಂಬಳಿಯ ಹಾಗೆ ಧೂಳು ಕೂತಿದ್ದರೆ ಕಳ್ಳ ಅದೇ. ಗಾಳಿ ಸರಿಯಾಗಿ ಹಾಯದಿದ್ದರೆ ಒಳಗಿನ ಕಾಯಿಲ್ ವಿಪರೀತ ತಣ್ಣಗಾಗಿ ಮಂಜುಗಡ್ಡೆ ಕಟ್ಟುತ್ತದೆ, ಅದು ಕರಗಿದಾಗ ನೀರು ನಿಮ್ಮ ಮಂಚಕ್ಕೇ ಬರುತ್ತದೆ! ಕರೆಂಟ್ ಬಿಲ್ಲೂ ಜಾಸ್ತಿ.

ಸ್ವಿಚ್ ಆಫ್ ಮಾಡಿ ಫಿಲ್ಟರ್ ತೆಗೆಯಿರಿ. ತಣ್ಣೀರಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ, ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಏನೂ ಒಣಗುವುದಿಲ್ಲ ಅಲ್ವಾ, ಆಗ ಫ್ಯಾನಿನ ಕೆಳಗಿಡಿ. ಒದ್ದೆ ಫಿಲ್ಟರ್ ಹಾಕಿದರೆ ಬೂಸ್ಟು ವಾಸನೆ ಗ್ಯಾರಂಟಿ. ದಿನಾ ಓಡಿಸುವವರು 15 ದಿನಕ್ಕೊಮ್ಮೆ ಇಷ್ಟು ಮಾಡಿ. 18 ಸುಮ್ನೆ, 24 ಸಾಕು.

ತೊಳೆದ ಮೇಲೂ ನೀರು ಬಿದ್ದರೆ ಡ್ರೈನ್ ಪೈಪ್ ಕಟ್ಟಿರಬಹುದು. ಅದನ್ನೂ ನೋಡಿಸಿ, ಗ್ಯಾಸಿನ ಮಾತು ಆಮೇಲೆ.