ಕಾನೂನು ಪ್ರಶ್ನೋತ್ತರ: ಕೋವಿಯ ಬಿಡಿಭಾಗ, ಸರ್ಕಾರದ ನಿರ್ಬಂಧ ಮತ್ತು ನ್ಯಾಯಾಲಯ

ಪ್ರಶ್ನೆ: ಮಾನ್ಯರೇ, ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಮೆಷಿನ್ ಶಾಪ್ ಇದೆ. ಸಿಎನ್‌ಸಿ ಲೇತ್‌ಗಳಲ್ಲಿ ಜಾಬ್ ವರ್ಕ್ ಮಾಡಿಕೊಡುತ್ತೇವೆ. ಬಂದೂಕಿನ ನಳಿಗೆಯ ತುದಿಗೆ ಹಾಕುವ ಮಝಲ್ ಬ್ರೇಕ್ ಎಂಬ ಭಾಗದ ಡ್ರಾಯಿಂಗನ್ನು ವಿದೇಶದ ಖರೀದಿದಾರರೊಬ್ಬರು ಕಳಿಸಿ ದರ ಕೇಳಿದ್ದಾರೆ. ಅಮೆರಿಕದಲ್ಲಿ ಇಂಥದೇ ಭಾಗ ತಯಾರಿಸುವ ಕಂಪನಿಯೊಂದು ಸರ್ಕಾರದ ವಿರುದ್ಧ ದಾವೆ ಹೂಡಿ ಗೆದ್ದಿದೆ, ಹಾಗಾಗಿ ತೊಂದರೆಯೇನೂ ಇಲ್ಲ ಎನ್ನುತ್ತಿದ್ದಾರೆ. ನಂಬಬಹುದೇ? (ಹೆಸರು ಬೇಡ, ಪೀಣ್ಯ)

ಉತ್ತರ: ನಿಮಗೆ ತುರ್ತಾಗಿ ಬೇಕಾದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಪರವಾನಗಿ ಇಲ್ಲದೆ ಈ ಆರ್ಡರ್ ಒಪ್ಪಿಕೊಳ್ಳಬೇಡಿ. ಸ್ಯಾಂಪಲ್‌ಗೆಂದು ಒಂದೇ ಒಂದು ಪೀಸನ್ನೂ ಮೆಷಿನ್‌ಗೆ ಹಾಕಬೇಡಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಮಿನಲ್ಲಿ ಬಂದೂಕಿಗೆ ಕೊಟ್ಟಿರುವ ವ್ಯಾಖ್ಯೆಯೊಳಗೆ ಇಡೀ ಬಂದೂಕಷ್ಟೇ ಅಲ್ಲ, ಅದರ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರಗಳು, ಗುಂಡು ಹಾರಿದಾಗಿನ ಸದ್ದನ್ನೋ ಬೆಂಕಿಯ ಹೊಳಪನ್ನೋ ತಗ್ಗಿಸುವ ಸಾಧನಗಳು ಕೂಡ ಸೇರಿವೆ. ಇವುಗಳ ತಯಾರಿಕೆಗೆ 5ನೇ ಕಲಮಿನ ಪ್ರಕಾರ ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ, ಪರವಾನಗಿ ಇಲ್ಲದೆ ತಯಾರಿಸಿದವರಿಗೆ 25ನೇ ಕಲಮಿನಡಿ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆವಾಸ ಮತ್ತು ದಂಡವಿದೆ. ಮಝಲ್ ಬ್ರೇಕ್ ಸದ್ದು ತಗ್ಗಿಸುವುದಿಲ್ಲ, ಬಂದೂಕು ಭುಜಕ್ಕೆ ಹಿಂದೊದೆಯುವ ರಭಸವನ್ನಷ್ಟೇ ತಗ್ಗಿಸುತ್ತದೆ ಎಂದು ಯಾರಾದರೂ ನಿಮಗೆ ಸಮಾಧಾನ ಹೇಳಬಹುದು. ಆದರೆ ಬಿಡಿಭಾಗ ಎಂಬ ಪದದೊಳಗೆ ಅದೂ ಬರುತ್ತದೆ ಎಂದೇ ನನ್ನ ಅಭಿಪ್ರಾಯ. ಪರ್ಚೇಸ್ ಆರ್ಡರ್‌ನಲ್ಲಿ ಅದನ್ನು ಬೇರೆ ಯಾವ ಹೆಸರಿನಿಂದ ಕರೆದರೂ ಕಾನೂನು ನೋಡುವುದು ವಸ್ತುವನ್ನು. ಇನ್ನು ರಫ್ತಿನ ಮಾತು ಬಂದರೆ ರಫ್ತಿಗೆ ಸರ್ಕಾರದ ಅನುಮತಿ ಬೇಕಾದ ವಸ್ತುಗಳ ಪಟ್ಟಿಯಾದ ಸ್ಕೋಮೆಟ್‌ನ ನಿರ್ಬಂಧಗಳನ್ನೂ ಪ್ರತ್ಯೇಕವಾಗಿ ನೋಡಬೇಕಾಗುತ್ತದೆ.

ಖರೀದಿದಾರರು ಹೇಳುತ್ತಿರುವುದು ಇನ್ನೊವೇಟರ್ ಎಂಟರ್‌ಪ್ರೈಸಸ್ ಎಂಬ ಕಂಪನಿಯ ಪ್ರಕರಣವಿರಬೇಕು. ಆ ತೀರ್ಪನ್ನು ತಯಾರಕರೂ ಅಧಿಕಾರಿಗಳೂ ಗಮನವಿಟ್ಟು ಓದಬೇಕೆಂದು ನಾನು ಬಯಸುತ್ತೇನೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಅಮೆರಿಕದಲ್ಲಿ ಬಂದೂಕುಗಳ ಮೇಲಿನ ನಿಯಂತ್ರಣ ಎಟಿಎಫ್ ಎಂಬ ಕೇಂದ್ರ ಸಂಸ್ಥೆಯ ಕೈಯಲ್ಲಿದೆ. ಸೈಲೆನ್ಸರ್‌ಗಳು ಅಲ್ಲಿ 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯಡಿ ನೋಂದಣಿಯಾಗಬೇಕು. 200 ಡಾಲರ್ ತೆರಿಗೆಯೂ ಇತ್ತು, 2026ರ ಜನವರಿಯಿಂದ ತೆರಿಗೆ ಶೂನ್ಯಕ್ಕಿಳಿದರೂ ನೋಂದಣಿ ಉಳಿದಿದೆ. ಸಾಮಾನ್ಯ ಮಝಲ್ ಬ್ರೇಕ್‌ಗೆ ಈ ಕಟ್ಟುಪಾಡು ಇಲ್ಲ. ಹೀಗಾಗಿ ಒಂದು ಭಾಗವನ್ನು ಎಟಿಎಫ್ ಯಾವ ಪಟ್ಟಿಗೆ ಸೇರಿಸುತ್ತದೆ ಎನ್ನುವುದರ ಮೇಲೆ ತಯಾರಕರ ಇಡೀ ವ್ಯಾಪಾರ ನಿಂತಿರುತ್ತದೆ.

ಇನ್ನೊವೇಟರ್ ಕಂಪನಿ ತನ್ನ ಸಾಧನವನ್ನು ಮಾರುಕಟ್ಟೆಗೆ ತರುವ ಮೊದಲೇ ಎಟಿಎಫ್‌ಗೆ ಕಳಿಸಿ ಅಭಿಪ್ರಾಯ ಕೇಳಿತು. ಹಿಂದೊದೆತವನ್ನೂ, ಗುಂಡು ಹಾರಿಸುವವರ ಕಿವಿಗೆ ಬಡಿಯುವ ಅಬ್ಬರವನ್ನೂ ಕಡಿಮೆ ಮಾಡುವುದು ಅದರ ಉದ್ದೇಶ ಎಂದು ಕಂಪನಿಯ ವಿವರಣೆ. ಪರಿಚಿತ ಸೈಲೆನ್ಸರ್‌ಗಳಲ್ಲಿ ಕಾಣುವ ಲಕ್ಷಣಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡ ಎಟಿಎಫ್, ಅದರಲ್ಲಿ ಮೂರು ಇದರಲ್ಲೂ ಇವೆಯೆಂದು ತಿಳಿಸಿ, ಸಾಧನವೇ ಸೈಲೆನ್ಸರ್ ಎಂದು ಪತ್ರ ಬರೆಯಿತು. ಕಾಯ್ದೆಯ ಪ್ರಕಾರ ಸೈಲೆನ್ಸರ್ ಎಂದರೆ ಬಂದೂಕಿನ ಸದ್ದನ್ನು ಅಡಗಿಸುವ ಅಥವಾ ತಗ್ಗಿಸುವ ಸಾಧನ. ಸದ್ದು ನಿಜಕ್ಕೂ ತಗ್ಗುತ್ತದೆಯೇ ಎಂದು ಅಳೆದು ನೋಡಿದ ಫಲಿತಾಂಶ ಮಾತ್ರ ಪತ್ರದಲ್ಲಿ ಇರಲಿಲ್ಲ. 2014ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ಜಿಲ್ಲಾ ನ್ಯಾಯಾಧೀಶ ಜಾನ್ ಬೇಟ್ಸ್ ಆ ನಿರ್ಣಯವನ್ನು ರದ್ದುಪಡಿಸಿದರು. ಬಾಲ, ಬೂದು ಚರ್ಮ, ನಾಲ್ಕು ಕಾಲು ಎಂಬ ಮೂರು ಲಕ್ಷಣಗಳು ಹೊಂದಿದ ಮಾತ್ರಕ್ಕೆ ಇಲಿ ಆನೆಯಾಗದು ಎಂಬುದು ಅವರ ತರ್ಕದ ತಿರುಳು.

ಆದರೆ ಆ ಸಾಧನ ಸೈಲೆನ್ಸರ್ ಅಲ್ಲ ಎಂದು ನ್ಯಾಯಾಲಯ ಘೋಷಿಸಲಿಲ್ಲ. ಸರಿಯಾದ ಕಾರಣಗಳೊಂದಿಗೆ ಮತ್ತೆ ತೀರ್ಮಾನಿಸಿ ಎಂದು ಕಡತವನ್ನು ಎಟಿಎಫ್‌ಗೆ ಹಿಂದಿರುಗಿಸಿತು. ಕಂಪನಿ ಗೆದ್ದದ್ದು ನಿರ್ಣಯದ ವಿಧಾನದ ವಿರುದ್ಧವೇ ಹೊರತು ಕಾಯ್ದೆಯ ವಿರುದ್ಧವಲ್ಲ.

ಇದಕ್ಕೆ ಪ್ರತಿಯಾಗಿ ನ್ಯೂ ಹ್ಯಾಂಪ್‌ಶೈರ್‌ನ ಸಿಗ್ ಸಾವರ್ ಕಂಪನಿಯ ಪ್ರಕರಣವನ್ನು ನೋಡಿ. ರೈಫಲ್ ನಳಿಗೆ 16 ಇಂಚಿಗಿಂತ ಕಡಿಮೆಯಿದ್ದರೆ ಅಲ್ಲಿ ಬೇರೆ ನಿರ್ಬಂಧಗಳು ಅನ್ವಯಿಸುತ್ತವೆ. ಕಂಪನಿ ಗಿಡ್ಡ ನಳಿಗೆಗೆ ಉದ್ದನೆಯ ಭಾಗವೊಂದನ್ನು ಶಾಶ್ವತವಾಗಿ ಬೆಸೆದು, ಇದು ಮಝಲ್ ಬ್ರೇಕ್ ಎಂದಿತು. ಎಟಿಎಫ್ ಗಮನಿಸಿದ್ದೇನೆಂದರೆ, ಆ ಭಾಗ ಸೈಲೆನ್ಸರ್‌ನ ಒಳಗಿನ ತಿರುಳೇ ಆಗಿದ್ದು, ಹೊರಗಿನ ಕೊಳವೆಯೊಂದನ್ನು ತೊಡಿಸಿದರೆ ಸೈಲೆನ್ಸರ್ ಪೂರ್ಣಗೊಳ್ಳುತ್ತಿತ್ತು. ಸೈಲೆನ್ಸರ್ ಜೋಡಿಸಲೆಂದೇ ಉದ್ದೇಶಿಸಿದ ಭಾಗವೂ ಸೈಲೆನ್ಸರ್ ಎಂದು ಅಲ್ಲಿನ ಕಾಯ್ದೆಯೇ ಹೇಳುವುದರಿಂದ, 2016ರಲ್ಲಿ ಫಸ್ಟ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಎಟಿಎಫ್ ನಿರ್ಣಯವನ್ನು ಎತ್ತಿಹಿಡಿಯಿತು. ಕಾರಣಗಳು ವಸ್ತುವಿಗೆ ಅಂಟಿಕೊಂಡಿದ್ದಾಗ ಸರ್ಕಾರ ಗೆದ್ದಿತು, ಅಂಟಿಕೊಳ್ಳದಿದ್ದಾಗ ಸೋತಿತು. ಈ ಎರಡರಲ್ಲಿ ಯಾವುದೂ ಪೀಣ್ಯದಲ್ಲಿ ಕುಳಿತ ನಿಮಗೆ ರಕ್ಷಣೆ ಕೊಡುವುದಿಲ್ಲ.

ಪ್ರಶ್ನೆ: ಇಲಾಖೆಯೊಂದು ಒಮ್ಮೆ ಒಪ್ಪಿಗೆ ಪತ್ರ ಕೊಟ್ಟ ಮೇಲೆ, ಅದನ್ನು ನಂಬಿ ಬಂಡವಾಳ ಹಾಕಿದವರನ್ನು ನಡುನೀರಿನಲ್ಲಿ ಕೈಬಿಡಬಹುದೇ? (ಸಣ್ಣ ಕೈಗಾರಿಕೋದ್ಯಮಿ, ರಾಜಾಜಿನಗರ)

ಉತ್ತರ: ಬಂದೂಕಿನ ಬಿಡಿಭಾಗಗಳ ವಿಷಯದಲ್ಲಿ ಇದು ಅಕ್ಷರಶಃ ನಡೆದಿದೆ. ಏಕಿನ್ಸ್ ಆಕ್ಸೆಲರೇಟರ್ ಎಂಬ ಸಾಧನ, ಹಿಂದೊದೆತದ ಬಲವನ್ನೇ ಬಳಸಿ ರೈಫಲ್ ಬೇಗಬೇಗ ಗುಂಡು ಹಾರಿಸುವಂತೆ ಮಾಡುತ್ತಿತ್ತು. ಅದರೊಳಗೆ ಸ್ಪ್ರಿಂಗ್ ಇತ್ತು. ಅದು ಮೆಷಿನ್ ಗನ್ ಅಲ್ಲ ಎಂದು ಎಟಿಎಫ್ ಮೊದಲು ತಿಳಿಸಿತ್ತು. ಮಾರಾಟ ಆರಂಭವಾದ ಮೇಲೆ, 2006ರಲ್ಲಿ, ಅದೇ ಎಟಿಎಫ್ ಅದು ಮೆಷಿನ್ ಗನ್ನೇ ಎಂದು ನಿಲುವು ಬದಲಿಸಿತು. ತಯಾರಕರು ದಾವೆ ಹೂಡಿದರು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಎಟಿಎಫ್ ಪರವಾಗಿ ತೀರ್ಪಿತ್ತಿತು. ನಷ್ಟ ಪರಿಹಾರಕ್ಕಾಗಿ ಹೂಡಿದ ಬೇರೊಂದು ದಾವೆಯೂ ವಜಾ ಆಯಿತು. ಮೊದಲಿನ ಅಭಿಪ್ರಾಯ ತಪ್ಪೆಂದು ಕಂಡರೆ ತಿದ್ದಿಕೊಳ್ಳುವ ಅಧಿಕಾರ ಸಂಸ್ಥೆಗೆ ಇರಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಮೊದಲೇ ಕೇಳಿ, ಲಿಖಿತ ಉತ್ತರ ಪಡೆದು ವ್ಯಾಪಾರ ಮಾಡಿದವರೇ ಆ ತಿದ್ದುಪಡಿಯ ಪೂರ್ತಿ ಭಾರವನ್ನು ಹೊರಬೇಕಾಗಿ ಬಂದದ್ದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ನಮ್ಮಲ್ಲಿ ಸರ್ಕಾರದ ಭರವಸೆಯನ್ನು ನಂಬಿ ಹೆಜ್ಜೆಯಿಟ್ಟವರಿಗೆ ಮೋತಿಲಾಲ್ ಪದಂಪತ್ ಸಕ್ಕರೆ ಕಾರ್ಖಾನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಲವಾದ ಆಸರೆ ಒದಗಿಸಿದೆ. ಆದರೂ ಕಾಯ್ದೆ ನಿಷೇಧಿಸಿದ್ದನ್ನು ಅಧಿಕಾರಿಯ ಭರವಸೆ ಸಕ್ರಮಗೊಳಿಸುವುದಿಲ್ಲ ಎಂಬ ಮಿತಿ ಆ ತತ್ವಕ್ಕಿದೆ, ಮತ್ತು ಶಸ್ತ್ರಾಸ್ತ್ರಗಳ ವಿಷಯದಲ್ಲಿ ನ್ಯಾಯಾಲಯಗಳು ಆ ಮಿತಿಯನ್ನು ಬಿಗಿಯಾಗಿಯೇ ಹಿಡಿಯುತ್ತವೆ.

ಪ್ರಶ್ನೆ: ನಮ್ಮ ರಾಜ್ಯದ ತಯಾರಕರೊಬ್ಬರಿಗೆ ಪರವಾನಗಿ ನಿರಾಕರಿಸಿದರೆ ಅವರು ಯಾವ ಹಾದಿ ಹಿಡಿಯಬೇಕು? ಅಮೆರಿಕದ ತೀರ್ಪುಗಳು ಇಲ್ಲಿ ನೆರವಾಗುತ್ತವೆಯೇ? (ಕಾನೂನು ವಿದ್ಯಾರ್ಥಿನಿ, ನಾಗರಬಾವಿ)

ಉತ್ತರ: ಪರವಾನಗಿ ನಿರಾಕರಿಸುವ ಪ್ರಾಧಿಕಾರ ಕಾರಣಗಳನ್ನು ಬರವಣಿಗೆಯಲ್ಲಿ ದಾಖಲಿಸಬೇಕು ಮತ್ತು ಕೇಳಿದರೆ ಅದರ ಸಂಕ್ಷಿಪ್ತ ಹೇಳಿಕೆಯನ್ನು ಅರ್ಜಿದಾರರಿಗೆ ಕೊಡಬೇಕು ಎಂದು ಶಸ್ತ್ರಾಸ್ತ್ರ ಕಾಯ್ದೆಯ 14ನೇ ಕಲಮು ಹೇಳುತ್ತದೆ, ಸಾರ್ವಜನಿಕ ಹಿತಕ್ಕೆ ಧಕ್ಕೆಯೆನಿಸಿದರೆ ಮಾತ್ರ ಕೊಡದಿರಬಹುದು. 18ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ. ಆದರೆ ಆದೇಶವನ್ನು ಸರ್ಕಾರವೇ ಹೊರಡಿಸಿದ್ದರೆ ಅಥವಾ ಅದರ ನಿರ್ದೇಶನದಂತೆ ಹೊರಡಿಸಿದ್ದರೆ ಮೇಲ್ಮನವಿ ಇಲ್ಲ ಎಂಬ ಪರಂತುಕವನ್ನು ಹಲವರು ಗಮನಿಸುವುದಿಲ್ಲ. ಅಂಥ ಸಂದರ್ಭದಲ್ಲಿ ಉಳಿಯುವ ದಾರಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ.

ವಿಧಾನಸೌಧದೆದುರಿನ ಆ ಕೆಂಪು ಕಟ್ಟಡದಲ್ಲಿ ಇಂಥ ಅರ್ಜಿ ಬಂದಾಗ ಮೊದಲು ಓದುವುದು ಅರ್ಜಿದಾರರಿಗೆ ಸಿಕ್ಕ ಹಿಂಬರಹವನ್ನು. ವಿಷಯ, ಉಲ್ಲೇಖ, ದಿನಾಂಕಗಳೆಲ್ಲ ಮುಗಿದ ಮೇಲೆ, ‘ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ಪರಿಗಣಿಸಲು ಅವಕಾಶವಿರುವುದಿಲ್ಲ’ ಎಂಬ ಒಂದೇ ಸಾಲಿನಲ್ಲಿ ವಿಚಾರ ಮುಗಿದಿದ್ದರೆ, ಪರಿಶೀಲಿಸಿದ್ದೇನು, ಅವಕಾಶವಿಲ್ಲದ್ದು ಯಾವ ಕಲಮಿನಡಿ ಎಂಬ ಪ್ರಶ್ನೆ ಏಳುತ್ತದೆ. ಆಗ ಸರ್ಕಾರದ ವಕೀಲರು ಆಕ್ಷೇಪಣೆಯಲ್ಲಿ ಹತ್ತು ಹೊಸ ಕಾರಣಗಳನ್ನು ಸೇರಿಸಿದರೂ ಪ್ರಯೋಜನವಿಲ್ಲ. ಆದೇಶದ ಸಿಂಧುತ್ವವನ್ನು ಆದೇಶದಲ್ಲಿರುವ ಕಾರಣಗಳಿಂದಲೇ ಅಳೆಯಬೇಕು, ಆಮೇಲಿನ ಪ್ರಮಾಣಪತ್ರದಿಂದಲ್ಲ ಎಂದು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನೀವು ವಾದಕ್ಕೆ ಆಧಾರವಾಗಿ ಇಟ್ಟುಕೊಳ್ಳಬೇಕಾದದ್ದು ಈ ತೀರ್ಪು. ಅಮೆರಿಕದ ತೀರ್ಪುಗಳನ್ನು ನಮ್ಮ ನ್ಯಾಯಾಲಯಗಳು ಗೌರವದಿಂದ ಓದಬಹುದು, ಆದರೆ ಅವು ಇಲ್ಲಿ ಬದ್ಧವಲ್ಲ. ಬಂದೂಕು ಹೊಂದುವುದು ಅಲ್ಲಿ ಸಂವಿಧಾನದತ್ತ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟಿನ 2008ರ ಹೆಲ್ಲರ್ ತೀರ್ಪು ಹೇಳಿದೆ, ನಮ್ಮ ಸಂವಿಧಾನದಲ್ಲಿ ಅಂಥ ಹಕ್ಕಿಲ್ಲ. ಹಾಗಿದ್ದೂ ಇನ್ನೊವೇಟರ್ ಪ್ರಕರಣ ಆ ಹಕ್ಕಿನ ಮೇಲೆ ನಿಂತಿರಲಿಲ್ಲ, ಸರ್ಕಾರ ಮನಬಂದಂತೆ ನಿರ್ಧರಿಸಬಾರದು ಎಂಬ ಆಡಳಿತ ಕಾನೂನಿನ ಮೇಲೆ ನಿಂತಿತ್ತು ಎಂಬುದನ್ನು ನೆನಪಿಡಿ. ಅಷ್ಟರಮಟ್ಟಿಗೆ ಅದು ನಮಗೂ ಹತ್ತಿರದ್ದು.

ಪ್ರಶ್ನೆ: ನ್ಯಾಯಾಲಯಗಳು ಹೀಗೆ ತಯಾರಕರ ಪರ ನಿಂತರೆ ಜನರ ಪ್ರಾಣಕ್ಕೆ ಯಾರು ಹೊಣೆ? (ನಿವೃತ್ತ ಶಿಕ್ಷಕಿ, ಬಸವನಗುಡಿ)

ಉತ್ತರ: ಅಮ್ಮ, ನಿಮ್ಮ ಕಳವಳ ನನ್ನದೂ ಹೌದು. 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್‌ನ ಸಂಗೀತೋತ್ಸವದಲ್ಲಿ ನೆರೆದಿದ್ದವರ ಮೇಲೆ ಹೋಟೆಲೊಂದರ ಕಿಟಕಿಯಿಂದ ಗುಂಡಿನ ಮಳೆಗರೆದ ವ್ಯಕ್ತಿ, ರೈಫಲ್‌ಗಳಿಗೆ ಬಂಪ್ ಸ್ಟಾಕ್ ಎಂಬ ಸಾಧನ ಜೋಡಿಸಿದ್ದ. ಹಿಂದೊದೆತಕ್ಕೆ ರೈಫಲ್ ಹಿಂದೆ ಮುಂದೆ ಜಾರುತ್ತ, ನಿಶ್ಚಲವಾಗಿ ಹಿಡಿದ ಬೆರಳಿಗೆ ಟ್ರಿಗರ್ ಮತ್ತೆ ಮತ್ತೆ ತಾಗುವಂತೆ ಮಾಡುವುದು ಅದರ ಕೆಲಸ. ಎಟಿಎಫ್ ತನ್ನ ಹಿಂದಿನ ನಿಲುವನ್ನು ಕೈಬಿಟ್ಟು, 2018ರ ಡಿಸೆಂಬರ್‌ನಲ್ಲಿ ಬಂಪ್ ಸ್ಟಾಕ್‌ಗಳನ್ನು ಮೆಷಿನ್ ಗನ್ ಎಂದು ಘೋಷಿಸಿತು. 2019ರ ಮಾರ್ಚ್ 26ರೊಳಗೆ ಅವನ್ನು ನಾಶಪಡಿಸಬೇಕು ಅಥವಾ ಒಪ್ಪಿಸಬೇಕು ಎಂದಿತು. ಟೆಕ್ಸಸ್‌ನ ಬಂದೂಕು ವ್ಯಾಪಾರಿ ಮೈಕಲ್ ಕಾರ್ಗಿಲ್ ತಮ್ಮ ಬಳಿಯಿದ್ದ ಎರಡನ್ನು ಒಪ್ಪಿಸಿ ದಾವೆ ಹೂಡಿದರು. 2024ರ ಜೂನ್ 14ರಂದು ಅಲ್ಲಿನ ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ನಿಯಮವನ್ನು ತಳ್ಳಿಹಾಕಿತು. ಟ್ರಿಗರ್‌ನ ಒಂದೇ ಕ್ರಿಯೆಯಿಂದ ಒಂದಕ್ಕಿಂತ ಹೆಚ್ಚು ಗುಂಡು ತಾನೇ ತಾನಾಗಿ ಹಾರಿದರೆ ಅದು ಮೆಷಿನ್ ಗನ್ ಎನ್ನುತ್ತದೆ ಕಾಯ್ದೆ. ಇಲ್ಲಿ ಪ್ರತಿ ಗುಂಡಿಗೂ ಟ್ರಿಗರ್ ಹೊಸದಾಗಿ ಕೆಲಸ ಮಾಡುತ್ತದೆ ಎಂದು ನ್ಯಾಯಮೂರ್ತಿ ಥಾಮಸ್ ಬರೆದರು. ಬಂಪ್ ಸ್ಟಾಕ್ ಜೋಡಿಸಿದ ರೈಫಲ್ ಮೆಷಿನ್ ಗನ್ನೇ ಎಂದು ನ್ಯಾಯಮೂರ್ತಿ ಸೊಟೊಮೇಯರ್ ಭಿನ್ನಮತ ದಾಖಲಿಸಿದರು.

ಆ ಭಿನ್ನಮತ ಮನಸ್ಸಿಗೆ ಹತ್ತಿರವಾಗುತ್ತದೆ. ಆದರೂ ಕಾಯ್ದೆಯ ಪದಗಳು ಸಾಲದಾದಾಗ ಅವನ್ನು ಹಿಗ್ಗಿಸುವ ಕೆಲಸ ಇಲಾಖೆಯದಲ್ಲ, ಶಾಸನ ಸಭೆಯದು ಎಂದೇ ನಾನು ನಂಬುತ್ತೇನೆ. ಬಹುಮತದೊಂದಿಗೆ ಸೇರಿದ ನ್ಯಾಯಮೂರ್ತಿ ಅಲಿಟೊ ಕೂಡ, ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾಯ್ದೆಯನ್ನು ತಿದ್ದಬಹುದು ಎಂದು ಪ್ರತ್ಯೇಕವಾಗಿ ಬರೆದರು. ಅಷ್ಟು ಜನ ಸತ್ತ ಮೇಲೂ ಒಂದು ಸಾಲಿನ ತಿದ್ದುಪಡಿ ತರದೆ, ಆ ಹೊಣೆಯನ್ನು ಇಲಾಖೆಯ ಹೆಗಲಿಗೆ ಬಿಟ್ಟ ಜನಪ್ರತಿನಿಧಿಗಳಿಗೆ ನಿಮ್ಮ ಪ್ರಶ್ನೆಯನ್ನು ಕೇಳಬೇಕು. ನಮ್ಮ ಕಾಯ್ದೆಯಲ್ಲಿ, ಟ್ರಿಗರ್ ಮೇಲೆ ಒತ್ತಡ ಇರುವಷ್ಟು ಹೊತ್ತು, ಇಲ್ಲವೇ ಮ್ಯಾಗಜಿನ್ ಬರಿದಾಗುವ ತನಕ, ಗುಂಡು ಹಾರುತ್ತಲೇ ಇರುವ ಬಂದೂಕು ನಿಷೇಧಿತ ಆಯುಧ ಎಂದಿದೆ. ಜೊತೆಗೆ ಬಿಡಿಭಾಗಗಳೂ ಪರವಾನಗಿಯೊಳಗೇ ಬರುವುದರಿಂದ, ಅಂಥ ಸಾಧನವೊಂದು ಅಂಗಡಿಯಲ್ಲಿ ರಾಜಾರೋಷವಾಗಿ ಮಾರಾಟವಾಗುವ ಸ್ಥಿತಿ ಇಲ್ಲಿಲ್ಲ.

ಪ್ರಶ್ನೆ: ನಮ್ಮದು ಕೊಡಗಿನ ಜಮ್ಮಾ ಎಂಬ ಪಾರಂಪರಿಕ ಭೂಹಿಡುವಳಿಯ ಕುಟುಂಬ, ಕೋವಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಅದಕ್ಕೆ ಸದ್ದು ತಗ್ಗಿಸುವ ಸಾಧನ ಹಾಕಿಸಬಹುದೇ? (ಓದುಗರು, ವಿಜಯನಗರ)

ಉತ್ತರ: ಹಾಕಿಸಬಾರದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿದಿದೆ ನಿಜ, ಆದರೆ ಅದು ಅಧಿಸೂಚನೆಯಲ್ಲಿ ಹೆಸರಿಸಿದ ಬಗೆಯ ಕೋವಿಗಳನ್ನು ಇಟ್ಟುಕೊಳ್ಳುವುದಕ್ಕೆ ಸೀಮಿತವಾದದ್ದು. ಸದ್ದು ತಗ್ಗಿಸುವ ಸಾಧನ ನಮ್ಮ ಕಾಯ್ದೆಯ ಕಣ್ಣಿನಲ್ಲಿ ಪ್ರತ್ಯೇಕ ಬಂದೂಕು. ಅದನ್ನು ಮಾಡಿಕೊಟ್ಟವರೂ ಇಟ್ಟುಕೊಂಡವರೂ ಪ್ರಕರಣ ಎದುರಿಸಬೇಕಾಗುತ್ತದೆ.